ಉಪ್ಪುಗಾಳಿಯ ಠಾಣೆಗೆ ಜೆಮ್ ಪೋರ್ಟಲ್: ಖರೀದಿ ಶಾಖೆಯ ಕಡೆಯಿಂದ ಒಂದು ವಿಮರ್ಶೆ

ಐದಕ್ಕೆ ಮೂರೂವರೆ. ಕಡಿದ ಒಂದೂವರೆಯಲ್ಲಿ ಪೋರ್ಟಲ್‌ನ ಪಾಲು ಅರ್ಧ ಅಂಕ ಮಾತ್ರ. ಉಳಿದ ಒಂದು ಹೋದದ್ದು ಕಚೇರಿಗಳು ಅದನ್ನು ಬಳಸುವ ರೀತಿಗೆ.

2016ರ ಆಗಸ್ಟ್‌ನಲ್ಲಿ ಶುರುವಾದ ಜೆಮ್, ಅಂದರೆ ಸರ್ಕಾರಿ ಇ-ಮಾರುಕಟ್ಟೆ, ಈಗ ಪೊಲೀಸ್ ಖರೀದಿಯಲ್ಲೂ ರೂಢಿಗೆ ಬಂದಿದೆ. ಕರ್ನಾಟಕದಲ್ಲಿ ಇದರ ಪಕ್ಕದಲ್ಲೇ ರಾಜ್ಯದ್ದೇ ಖರೀದಿ ಪೋರ್ಟಲ್ ಆದ ಕೆಪಿಪಿಪಿ ಇದೆ, ಮೇಲಿಂದ ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಪಾರದರ್ಶಕತೆ ಅಧಿನಿಯಮ ಇದೆ. ಕಾಮಗಾರಿಗೆ ಕೆಪಿಪಿಪಿ, ಸಿದ್ಧ ಸಾಮಾನಿಗೆ ಜೆಮ್ ಅಂತ ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಇಲ್ಲಿ ನೋಡುತ್ತಿರುವುದು ಉತ್ತರ ಕನ್ನಡದ ಮಟ್ಟಿಗೆ. ರಾಜ್ಯದ 9 ಕರಾವಳಿ ಕಾವಲು ಠಾಣೆಗಳಲ್ಲಿ 5 ಈ ಜಿಲ್ಲೆಯಲ್ಲೇ ಇವೆ: ಕಾರವಾರ, ಬೇಲೆಕೇರಿ, ಕುಮಟಾ, ಹೊನ್ನಾವರ, ಭಟ್ಕಳ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಜಿಲ್ಲೆ ಒಂದೇ ಆದರೂ ಹವೆ ಎರಡು. ಶಿರಸಿಯಲ್ಲಿ ಚೆನ್ನಾಗಿ ಬಾಳುವ ಸಾಮಾನು ಕಾರವಾರದಲ್ಲಿ ಮುಂದಿನ ಮಳೆಗಾಲದೊಳಗೆ ಸಿಪ್ಪೆ ಬಿಡುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಒಂದೇ ಅಂಗಡಿಯಿಂದ ಮೂರು ಲೆಟರ್‌ಹೆಡ್‌ನಲ್ಲಿ ಬರುವ ಮೂರು ದರಪಟ್ಟಿಗಳ ಹಳೇ ನಾಟಕಕ್ಕೆ ಇಲ್ಲಿ ಜಾಗ ಕಡಿಮೆ. ಒಂದೇ ಬಿಡ್‌ನಲ್ಲಿ ಹಲವು ಸ್ವೀಕೃತಿದಾರರನ್ನು, ಅಂದರೆ ಮಾಲು ಇಳಿಸಿಕೊಳ್ಳುವ ಕಚೇರಿಗಳನ್ನು, ಹಾಕಬಹುದು: ಕಾರವಾರದ ಪಿನ್‌ಕೋಡ್ 581301ಕ್ಕೆ ಇಷ್ಟು, ಶಿರಸಿಯ 581401ಕ್ಕೆ ಇಷ್ಟು ಎಂದು. ಸಾಗಣೆ ದರದೊಳಗೇ ಬರುವುದರಿಂದ ಜಿಲ್ಲಾ ಕೇಂದ್ರದಲ್ಲಿ ಇಳಿಸಿಕೊಂಡು ಮತ್ತೆ ಇಲಾಖೆಯ ಗಾಡಿಯಲ್ಲಿ ಘಟ್ಟ ಹತ್ತಿಸುವ ಖರ್ಚು ಉಳಿಯುತ್ತದೆ. ಯಾರು ಯಾವ ದಿನ ಯಾವ ಗುಂಡಿ ಒತ್ತಿದರು ಎಂಬುದು ದಾಖಲಾಗುತ್ತದೆ. ಲೆಕ್ಕ ಪರಿಶೋಧನೆಯವರು ಬಂದಾಗ ಕಡತ ಹುಡುಕುವ ಗಡಿಬಿಡಿ ಅರ್ಧಕ್ಕರ್ಧ ಇಳಿಯುತ್ತದೆ.

ತೊಂದರೆ ಎಲ್1ರಲ್ಲಿ, ಅಂದರೆ ಅತಿ ಕಡಿಮೆ ದರ ಕೊಟ್ಟವರಿಗೇ ಆದೇಶ ಎಂಬ ಪದ್ಧತಿಯಲ್ಲಿ. ಪೋರ್ಟಲ್ ಅತಿ ಕಡಿಮೆ ದರವನ್ನು ಹುಡುಕಿ ಕೊಡುತ್ತದೆ, ಆದರೆ ಯಾವುದರ ಕಡಿಮೆ ದರ ಎಂಬುದನ್ನು ತುಂಬಬೇಕಾದವರು ನಾವು. ಬ್ಯಾರಿಕೇಡ್ ತೆಗೆದುಕೊಳ್ಳಿ. 'ಎಂಎಸ್ (ಸಾದಾ ಉಕ್ಕು), ಪೌಡರ್ ಕೋಟಿಂಗ್' ಅಂತ ಬರೆದರೆ ಅದೇ ಬರುತ್ತದೆ, ನೋಡಲು ಚೆಂದವೂ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ ಸಮುದ್ರದ ಗಾಳಿಗೆ ನಿಲ್ಲಿಸಿದ ಮೇಲೆ ಬೆಸುಗೆ ಹಾಕಿದ ಮೂಲೆಗಳಿಂದ ತುಕ್ಕು ಒಳಗೆ ನುಗ್ಗುತ್ತದೆ, ಬಣ್ಣ ಹಾಳೆಯಂತೆ ಎದ್ದು ಬರುತ್ತದೆ. ಬೇಕಾದದ್ದು ಬೆಸುಗೆ ಮುಗಿದ ನಂತರ ಬಿಸಿ ಸತುವಿನಲ್ಲಿ ಅದ್ದಿದ ಮಾಲು, ಅದರ ಮೇಲೆ ಬಣ್ಣ. 'ಬೆಸುಗೆಯ ನಂತರ' ಎಂಬ ಎರಡು ಪದ ಬಿಟ್ಟರೆ ಮೊದಲೇ ಸತು ಲೇಪಿಸಿದ ಪೈಪನ್ನು ಕತ್ತರಿಸಿ ಬೆಸೆದು ಕಳಿಸುತ್ತಾರೆ. ಬೆಸುಗೆಯ ಶಾಖಕ್ಕೆ ಆ ಜಾಗದ ಸತು ಸುಟ್ಟುಹೋಗಿರುತ್ತದೆ. ಪದರದ ದಪ್ಪವನ್ನು ಮೈಕ್ರಾನ್‌ನಲ್ಲಿ ನಮೂದಿಸಿ, ಅಳೆಯುವ ಗೇಜ್ ಒಂದನ್ನು ಉಗ್ರಾಣದಲ್ಲಿ ಇಟ್ಟುಕೊಳ್ಳುವುದು ಲೇಸು.

ಸ್ಟೇನ್‌ಲೆಸ್ ಸ್ಟೀಲ್ ಅಂದರೂ ಇದೇ ಕಥೆ. 304 ದರ್ಜೆಯದ್ದು ಕಚೇರಿಯೊಳಗೆ ಸಾಕು. ಜೆಟ್ಟಿ, ದೋಣಿ, ಹೊರಗಿನ ಸಿಸಿಟಿವಿ ಕಂಬದ ಬೋಲ್ಟುಗಳಿಗೆ 316 ಬೇಕು, ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಮ್ ಲೋಹ ಶೇ. 2ರಿಂದ 3 ಇರುತ್ತದೆ. ಅಯಸ್ಕಾಂತ ಹಿಡಿದು ನೋಡಿ 'ಅಸಲಿ' ಅನ್ನುವವರಿದ್ದಾರೆ. ಅದರಿಂದ 304, 316 ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಮಾಲಿಬ್ಡಿನಮ್ ಪತ್ತೆಹಚ್ಚುವ ದ್ರಾವಣ ಒಂದು ಹನಿ ಹಾಕಿದರೆ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಲೈಫ್ ಜಾಕೆಟ್‌ನಲ್ಲಿ ಆಗುವ ಎಡವಟ್ಟು ಇನ್ನೂ ಅಪಾಯದ್ದು. 50 ನ್ಯೂಟನ್ ತೇಲುವ ಬಲದ್ದು ಈಜು ಬಲ್ಲವರಿಗೆ ದಡದ ಹತ್ತಿರ ಆಸರೆ, ಅಷ್ಟೇ. ತೆರೆದ ಸಮುದ್ರದ ಗಸ್ತಿಗೆ 150 ನ್ಯೂಟನ್ ಬೇಕು; ಪ್ರಜ್ಞೆ ತಪ್ಪಿದವರನ್ನೂ ಮುಖ ಮೇಲಾಗಿ ತಿರುಗಿಸಲೆಂದೇ ಆ ವರ್ಗದ ವಿನ್ಯಾಸ. ಎರಡೂ ಕಿತ್ತಳೆ ಬಣ್ಣದವೇ, ಫೋಟೊದಲ್ಲಿ ಒಂದೇ ಥರ. ಭಾರತೀಯ ಮಾನಕ ಇರುವಾಗ ವಿದೇಶಿ ಪ್ರಮಾಣಪತ್ರವನ್ನೇ ಕಡ್ಡಾಯ ಮಾಡುವ ಷರತ್ತನ್ನು ಜೆಮ್ ಒಪ್ಪುವುದಿಲ್ಲ, ಬ್ರಾಂಡ್ ಹೆಸರನ್ನೂ ಹಾಕುವಂತಿಲ್ಲ. ಆದ್ದರಿಂದ ತೇಲುವ ಬಲ, ತೂಕದ ವರ್ಗ, ಸೀಟಿ, ಪ್ರತಿಫಲನ ಪಟ್ಟಿ ಇವನ್ನು ಅಂಕಿಯಲ್ಲಿ, ಗುಣದಲ್ಲಿ ಬರೆಯಬೇಕು. ಹೆಸರು ಬರೆದು ಬಿಡ್ ರದ್ದಾದರೆ ಮತ್ತೆ ಮೊದಲಿಂದ.

ಸಾಮಾನು ಬಂದ ಮೇಲೆ 10 ದಿನದ ಗಡುವು. ತಾತ್ಕಾಲಿಕ ಸ್ವೀಕೃತಿ ಕೊಟ್ಟ ನಂತರ ಅಷ್ಟರೊಳಗೆ ಪರಿಶೀಲಿಸಿ ಒಪ್ಪಬೇಕು ಇಲ್ಲವೇ ತಿರಸ್ಕರಿಸಬೇಕು. ಬಂದೋಬಸ್ತ್ ಇದೆ ಅಂತ ಪೆಟ್ಟಿಗೆ ಬಿಚ್ಚದೆ ಮೂಲೆಗೆ ತಳ್ಳಿದರೆ ಆಮೇಲೆ ವಾದಿಸಲು ನೆಲೆ ಇರುವುದಿಲ್ಲ. ಪರಿಶೀಲನೆಗೆ ಹೆಸರಿಸಿದ ಮೂವರಲ್ಲಿ ಒಬ್ಬರಾದರೂ ಆ ವಸ್ತುವನ್ನು ನಿತ್ಯ ಬಳಸುವವರಿರಲಿ. ದೋಣಿಯ ಇಂಜಿನ್ ಡ್ರೈವರ್‌ಗೆ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ಚಕ್ರ, ಕೈಗೆತ್ತಿಕೊಂಡರೆ ಸಾಕು, ರಬ್ಬರ್ ಹಳತೋ ಹೊಸತೋ ಹೇಳುತ್ತಾರೆ. ಸಹಿ ಹಾಕುವ ಕೈ ಬೇರೆ, ಮುಟ್ಟಿ ನೋಡುವ ಕೈ ಬೇರೆ ಆದಲ್ಲೇ ಕೆಟ್ಟ ಮಾಲು ಒಳಗೆ ಬರುವುದು.

ಸೇವೆಯ ವಿಷಯದಲ್ಲಿ ಸಾಮಾನ್ಯ ಷರತ್ತುಗಳು ಕೈಕೊಡುತ್ತವೆ. ಪೂರೈಕೆ ತಡವಾದರೆ ವಾರಕ್ಕೆ ಶೇ. 0.5ರಂತೆ, ಗರಿಷ್ಠ ಶೇ. 10ರವರೆಗೆ ದಂಡವಿದೆ. ಆದರೆ ವಾರಂಟಿ ರಿಪೇರಿಗೆ ಬರುವುದು ತಡವಾದರೆ? ಅದನ್ನು ಹೆಚ್ಚುವರಿ ಷರತ್ತಿನಲ್ಲಿ ನಾವೇ ಸೇರಿಸಬೇಕು. 'ರಾಜ್ಯದಲ್ಲಿ ಸೇವಾ ಕೇಂದ್ರ' ಎಂದರೆ ಬೆಂಗಳೂರಿನ ಒಂದು ಕೋಣೆಯೂ ಲೆಕ್ಕಕ್ಕೆ ಬರುತ್ತದೆ. ಭಟ್ಕಳದಲ್ಲಿ ಕೆಟ್ಟ ವಾಕಿಟಾಕಿ ಚಾರ್ಜರ್ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಜಾತ್ರೆಯೇ ಮುಗಿದಿರುತ್ತದೆ. ದೂರು ದಾಖಲಾದ ಎಷ್ಟು ಗಂಟೆಯೊಳಗೆ ಯಾವ ಊರಿಗೆ ಬರಬೇಕು, ಬಾರದಿದ್ದರೆ ದಿನಕ್ಕೆ ಎಷ್ಟು ಕಡಿತ ಎಂದು ನಮೂದಿಸಿ. ಇಂಥ ಷರತ್ತುಗಳಿಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ಕಡತದಲ್ಲಿರಬೇಕು.

ಇನ್ನು ಬಜೆಟ್. ನಾವು ಕಡಿದ ಅಂಕ ಇಲ್ಲೇ ಹೆಚ್ಚು. ಅನುದಾನ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಸಮುದ್ರದ ವರ್ಷ ಬೇರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಸಮುದ್ರ ಒರಟಾಗಿರುವ ಈ ದಿನಗಳೇ 5 ಟನ್, 12 ಟನ್ ಗಸ್ತು ದೋಣಿಗಳನ್ನು ಮೇಲಕ್ಕೆಳೆದು ತಳ ಕೆರೆದು ಬಣ್ಣ ಬಳಿಯಲು, ದೋಣಿಯ ಲೋಹದ ಬದಲು ತಾನು ಸವೆಯುವ ಸತುವಿನ ತುಂಡು, ಅಂದರೆ ಆನೋಡ್, ಅರ್ಧ ಸವೆದಿದ್ದರೆ ಬದಲಿಸಲು, ಇಂಪೆಲ್ಲರ್ ಹೊಸದು ಹಾಕಲು ತಕ್ಕ ಕಾಲ. ಅದಕ್ಕೆ ಮೇ ಮಧ್ಯಕ್ಕೆ ಕಾರ್ಯಾದೇಶ ಕೈಯಲ್ಲಿರಬೇಕು. ಏಪ್ರಿಲ್‌ನಲ್ಲಿ ಬೇಡಿಕೆ ಪಟ್ಟಿ ಬರೆಯಲು ಕೂತರೆ ಅನುಮೋದನೆ, ಬಿಡ್, ಪರಿಶೀಲನೆ ಮುಗಿಯುವಾಗ ಆಗಸ್ಟ್ ಆಗಿರುತ್ತದೆ, ದೋಣಿಗಳು ಮತ್ತೆ ನೀರಿಗಿಳಿಯಬೇಕು. ಕೊನೆಗೆ ದುಡ್ಡು ಮಾರ್ಚ್‌ನಲ್ಲಿ ಟಾರ್ಚು, ಕುರ್ಚಿಗಳಾಗಿ ಬರುತ್ತದೆ, ಇಲ್ಲವೇ ಅಧ್ಯರ್ಪಣೆಯಾಗಿ ವಾಪಸ್ ಹೋಗುತ್ತದೆ.

ಇದಕ್ಕೆ ಮದ್ದು ಪೋರ್ಟಲ್‌ನಲ್ಲಿಲ್ಲ. ನಿರ್ವಹಣೆಗೆ ಬಹುವರ್ಷದ ಒಪ್ಪಂದ ಮಾಡಿ, ಪಾವತಿ ಮಾತ್ರ ಆಯಾ ವರ್ಷದ ಅನುದಾನಕ್ಕೆ ಕಟ್ಟಬೇಕು. ಹೊಸ ಸಾಮಾನಿನ ಬೇಡಿಕೆ ಪಟ್ಟಿ, ತಾಂತ್ರಿಕ ವಿವರಣೆ ಹಿಂದಿನ ಡಿಸೆಂಬರ್-ಜನವರಿಯಲ್ಲೇ ಸಿದ್ಧವಿರಬೇಕು. ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟಿದೆ ಎಂದು ಬಿಡ್ ಹಾಕುವ ಮೊದಲೇ ನೋಡಿ. ಪೊಲೀಸ್ ಇಲಾಖೆಯ ಲೆಕ್ಕ ಶೀರ್ಷಿಕೆ 2055ರಲ್ಲಿ ಸಾಗಣೆ ವೆಚ್ಚದ ಸಂಕೇತ 195 ಬೇರೆ, ಸಾಮಾನ್ಯ ವೆಚ್ಚದ 051 ಬೇರೆ. ಒಂದರಲ್ಲಿ ಮಿಕ್ಕಿದ್ದನ್ನು ಆದೇಶವಿಲ್ಲದೆ ಇನ್ನೊಂದಕ್ಕೆ ಬಳಸಲಾಗದು. ಬೇಗ ಮುಗಿಸುವ ಆಸೆಗೆ ಬೇಡಿಕೆಯನ್ನು ಸಣ್ಣ ಸಣ್ಣದಾಗಿ ಒಡೆದು ಬಿಡ್ ಇಲ್ಲದೆ ನೇರ ಖರೀದಿ ಮಾಡುವವರಿಗೆ ಒಂದು ಮಾತು: ಅದೇ ತಿಂಗಳು, ಅದೇ ವಸ್ತು, ನಾಲ್ಕು ಆದೇಶ ಎಂದು ಪೋರ್ಟಲೇ ಸಾಲಾಗಿ ತೋರಿಸುತ್ತದೆ, ಆಕ್ಷೇಪಣೆ ಬರೆಯುವವರಿಗೆ ಹುಡುಕುವ ಕೆಲಸವೂ ಇಲ್ಲ.

ಹಳೆಯದನ್ನು ವಿಲೇವಾರಿ ಮಾಡಲು ಜೆಮ್‌ನಲ್ಲೇ ಹರಾಜಿನ ಸೌಲಭ್ಯವಿದೆ. ದಾಸ್ತಾನು ವಹಿಯಲ್ಲಿ ನಿರುಪಯುಕ್ತ ಎಂದು ಸಮಿತಿ ಸಹಿ ಮಾಡಿದ ನಂತರ ಹಾಕಬಹುದು. ಹಾಕುವ ಮುನ್ನ ಜೀಪಿನ 'ಪೊಲೀಸ್' ಬರಹ ಅಳಿಸಿ, ಸೈರನ್, ಮೇಲಿನ ದೀಪ, ವೈರ್‌ಲೆಸ್ ಸೆಟ್ ಬಿಚ್ಚಿ ತೆಗೆದಿಡಿ. ಸತ್ವ ಹೋದ ಲೈಫ್ ಜಾಕೆಟ್‌ಗಳ ಪಟ್ಟಿಗಳನ್ನು ಕತ್ತರಿಸಿಯೇ ಕಳಿಸಿ. ಹಾಗೇ ಬಿಟ್ಟರೆ ಯಾವುದೋ ಪ್ರವಾಸಿ ದೋಣಿಯಲ್ಲಿ ಯಾರದೋ ಮಗುವಿನ ಮೈಮೇಲೆ ಏರುತ್ತವೆ.