ಸಿಗಡಿ ಮೇವಿಗೆ ಯಾವ ಪ್ರಿಬಯಾಟಿಕ್? ಮೂರನ್ನೂ ಹಾಕಿ ನೋಡಿದ್ದು

ಕುಮಟಾ ಕಡೆ ಅಘನಾಶಿನಿಯ ಉಪ್ಪುನೀರಿನಲ್ಲಿ ವನ್ನಾಮಿ ಸಿಗಡಿ ಸಾಕುವವರಿಗೆ ಮೇವಿನ ಅಂಗಡಿಯಲ್ಲಿ ಈಗ ಮೊದಲು ತೋರಿಸುವುದೇ ಪ್ರಿಬಯಾಟಿಕ್ ಡಬ್ಬ, ಅಂದರೆ ಕರುಳಿನ ಆರೋಗ್ಯಕ್ಕೆ ಮೇವಿಗೆ ಬೆರೆಸುವ ಪುಡಿ. ಆಂಟಿಬಯಾಟಿಕ್ ಅಂಶ ಸಿಕ್ಕ ಮಾಲು ರಫ್ತಿನಲ್ಲಿ ವಾಪಸ್ ಬರುತ್ತದೆ. ಹಾಗಾಗಿ ಕರುಳನ್ನು ಬೇರೆ ದಾರಿಯಲ್ಲೇ ಕಾಯಬೇಕು. ಒಂದೇ ಹ್ಯಾಚರಿಯ ಮರಿ, ಒಂದೇ ಮೇವು ಇಟ್ಟುಕೊಂಡು ಬೇರೆ ಬೇರೆ ಹೊಂಡಗಳಲ್ಲಿ ಮೂರು ಪುಡಿ ಹಾಕಿ ನೋಡಿದೆ: ಎಂಒಎಸ್ (ಮನ್ನನ್ ಆಲಿಗೋಸ್ಯಾಕರೈಡ್), ಬೀಟಾ ಗ್ಲೂಕನ್, ಇನ್ಯುಲಿನ್.

ನನ್ನ ವೋಟು ಎಂಒಎಸ್‌ಗೆ. ಇದು ಈಸ್ಟ್‌ನ ಕೋಶಗೋಡೆಯಿಂದ ತೆಗೆದ ಸಕ್ಕರೆಯ ಸರಪಳಿ. ವಿಬ್ರಿಯೊದಂಥ ಬ್ಯಾಕ್ಟೀರಿಯಾ ಕರುಳಿಗೆ ಅಂಟುವ ಬದಲು ಇದಕ್ಕೆ ಅಂಟಿಕೊಂಡು ಹಿಕ್ಕೆಯ ಜೊತೆ ಹೊರಗೆ ಹೋಗಲಿ ಅನ್ನುವುದು ಲೆಕ್ಕ. ಕೆಜಿ ಮೇವಿಗೆ 2ರಿಂದ 4 ಗ್ರಾಂ, ಬೈಂಡರ್ (ಮೇವಿಗೆ ಪುಡಿ ಹಿಡಿಸುವ ಅಂಟು) ಜೊತೆ ಕಲಸಿ, ನೆರಳಲ್ಲಿ ಆರಿಸಿ ಹಾಕಿದೆ. ಎಷ್ಟು ತಿಂದಿವೆ ಅಂತ ನೋಡಲು ಹೊಂಡಕ್ಕೆ ಇಳಿಸುವ ಚೆಕ್ ಟ್ರೇಯಲ್ಲಿ ಮೇವು ಉಳಿಯುವುದು ಕಡಿಮೆಯಾಯಿತು. ಸಿಗಡಿಯನ್ನು ಬೆಳಕಿಗೆ ಹಿಡಿದರೆ ಕರುಳಿನ ಗೆರೆ ಎಲ್ಲೂ ತುಂಡಾಗದೆ ಕಾಣುತ್ತಿತ್ತು. ಕರುಳು ಕೆಟ್ಟಾಗ ಕಾಣುವ ಬಿಳಿ ಹಿಕ್ಕೆ ತೇಲುವುದೂ ಉಳಿದ ಹೊಂಡಗಳಿಗಿಂತ ಕಡಿಮೆ.

ಬೀಟಾ ಗ್ಲೂಕನ್ ಕೂಡ ಈಸ್ಟ್‌ನದೇ, ಆದರೆ ಕೆಲಸ ಬೇರೆ. ಸಿಗಡಿಗೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ, ಹುಟ್ಟಿನಿಂದ ಬಂದ ರಕ್ಷಣೆಯಷ್ಟೇ. ಗ್ಲೂಕನ್ ಅದನ್ನು ತಟ್ಟಿ ಎಬ್ಬಿಸುತ್ತದೆ. ನಿತ್ಯ ಕೊಟ್ಟರೆ ಆ ರಕ್ಷಣೆಯೇ ಸುಸ್ತಾಗಬಹುದು, ದುಡ್ಡೂ ಜಾಸ್ತಿ. ಜೋರು ಮಳೆ ಬಿದ್ದು ಉಪ್ಪಿನಂಶ ಏಕಾಏಕಿ ಇಳಿಯುವ ಮೊದಲು ಒಂದು ವಾರ ಕೊಟ್ಟಾಗ ಮಾತ್ರ ನನಗೆ ಕೊಟ್ಟ ದುಡ್ಡಿಗೆ ಕೆಲಸ ಕಂಡಿತು.

ಇನ್ಯುಲಿನ್ ನನಗೆ ಹಿಡಿಸಲಿಲ್ಲ. ಚಿಕೋರಿ ಬೇರಿನದು, ನೀರಲ್ಲಿ ಕರಗುತ್ತದೆ. ಸಿಗಡಿ ಮೇವನ್ನು ಗಬಕ್ಕನೆ ನುಂಗುವುದಿಲ್ಲ, ಕಾಲಲ್ಲಿ ಹಿಡಿದು ಮೆಲ್ಲಗೆ ಕಡಿಯುತ್ತದೆ. ಅಷ್ಟರಲ್ಲಿ ಅರ್ಧ ಪುಡಿ ಹೊಂಡದ ಪಾಲು. ಮೀನೆಣ್ಣೆ ಲೇಪಿಸಿದರೆ ಸ್ವಲ್ಪ ನಿಲ್ಲುತ್ತದೆ, ಆದರೂ ಸಿಗಡಿಯ ಕರುಳು ಗಿಡ್ಡ, ಮೇವು ಬೇಗ ದಾಟಿಹೋಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯಲು ಹೆಚ್ಚು ಸಮಯ ಸಿಗಲ್ಲ ಅಲ್ವಾ?

ಇಎಚ್‌ಪಿ (ಸಿಗಡಿಯ ಬೆಳವಣಿಗೆ ಕುಂದಿಸುವ ಪರಜೀವಿ) ಹೊಕ್ಕ ಹೊಂಡಕ್ಕೆ, ವೈರಸ್‌ನಿಂದ ಬರುವ ಬಿಳಿಚುಕ್ಕೆ ರೋಗಕ್ಕೆ ಈ ಮೂರೂ ಮದ್ದಲ್ಲ. ಅಲ್ಲಿ ರೋಗಾಣು ಇಲ್ಲ ಅಂತ ಪಿಸಿಆರ್ ಪರೀಕ್ಷೆ ಮಾಡಿಸಿದ ಮರಿ, ಒಣಗಿಸಿ ಸುಣ್ಣ ಹಾಕಿದ ಹೊಂಡ, ಅಷ್ಟೇ. ಕೊಳ್ಳುವಾಗ ಡಬ್ಬದ ಮೇಲೆ ಎಂಒಎಸ್ ಎಷ್ಟು ಶೇಕಡಾ ಅಂತ ಬರೆದಿದೆಯಾ ನೋಡಿ. ಬರೀ ‘ಈಸ್ಟ್ ಪುಡಿ’ ಅಂದಿದ್ದರೆ ವಾಪಸ್ ಇಡಿ.