ವಾರ್ಡ್ ಜಗಳಕ್ಕೆ ಓಪನ್‌ಡೋಟಾ: ಡೋಟಾ 2ರ ಮೂರು ತಾಣಗಳನ್ನು ಬಳಸಿ ನೋಡಿದ ಮೇಲೆ

ಡೋಟಾ 2 ಅಂದರೆ ಐದೈದು ಜನರ ಎರಡು ತಂಡಗಳು ಆಡುವ ಆನ್‌ಲೈನ್ ಆಟ. ಮುಗಿದ ಮ್ಯಾಚ್‌ಗಳ ಲೆಕ್ಕ ತೋರಿಸುವ ಓಪನ್‌ಡೋಟಾ, ಡೋಟಾಬಫ್, ಸ್ಟ್ರಾಟ್ಜ್ ಈ ಮೂರು ತಾಣಗಳಲ್ಲಿ ನನ್ನ ವೋಟು ಓಪನ್‌ಡೋಟಾಗೆ. ಇದಕ್ಕೂ ಮೊದಲು ಆಟದ ಜೊತೆಗೇ ಓಡುವ ಒಂದು ಕೋಚಿಂಗ್ ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದ್ದೆ. ಹೆಸರು ಬೇಡ, ಈ ಮೂರರಲ್ಲಿ ಯಾವುದೂ ಅಲ್ಲ. ಎಷ್ಟು ಸೋತೆ ಅಂತ ಅದು ಚೆಂದವಾಗಿ ತೋರಿಸುತ್ತಿತ್ತು, ಯಾಕೆ ಸೋತೆ ಅಂತ ಹೇಳುತ್ತಿರಲಿಲ್ಲ. ಆ ದುಡ್ಡು ಹೋಯ್ತು, ಬಿಡಿ.

ನಾನು ಆಡುವುದು ಸಪೋರ್ಟ್, ಅಂದರೆ ತಂಡದ ಉಳಿದವರಿಗೆ ನೆರವಾಗುವ ಪಾತ್ರ. ವಾರ್ಡ್ (ಮ್ಯಾಪ್‌ನ ಒಂದು ಜಾಗ ತಂಡಕ್ಕೆ ಕಾಣುವಂತೆ ನೆಡುವ ಕಣ್ಣು) ಇಡಬೇಕು, ಕ್ಯಾರಿಯನ್ನು (ಬಲ ಬೆಳೆಸಿಕೊಂಡು ಆಟ ಗೆಲ್ಲಿಸಬೇಕಾದವನನ್ನು) ಕಾಯಬೇಕು, ಸೋತರೆ ಬೈಸಿಕೊಳ್ಳಬೇಕು. ನಮ್ಮ ಐದು ಜನರಲ್ಲಿ ಮೂವರು ಮೈಸೂರಿನವರು, ಇಬ್ಬರು ಮಂಡ್ಯದವರು. ಶನಿವಾರ ರಾತ್ರಿ ಆಟ, ಭಾನುವಾರ ವಾಟ್ಸಾಪ್‌ನಲ್ಲಿ ಪಂಚಾಯ್ತಿ. ಮಂಡ್ಯದ ಕ್ಯಾರಿ ಶುರು ಮಾಡುವುದೇ ಹೀಗೆ: "ವಾರ್ಡ್ ಎಲ್ಲಿ ಇಕ್ಕಿದ್ಯಲಾ?" ಓಪನ್‌ಡೋಟಾದಲ್ಲಿ ಆ ಮ್ಯಾಚ್ ತೆರೆದು ವಿಷನ್ ಪುಟಕ್ಕೆ ಹೋದರೆ ಯಾರು ಯಾವ ಹೊತ್ತಿಗೆ ಎಲ್ಲಿ ವಾರ್ಡ್ ಇಟ್ಟರು ಅನ್ನುವುದು ಮ್ಯಾಪ್ ಮೇಲೆಯೇ ಇರುತ್ತದೆ. ಸ್ಕ್ರೀನ್‌ಶಾಟ್ ಹಾಕಿದರೆ ಮಾತು ಮುಗಿಯಿತು. ಕೆಲವೊಮ್ಮೆ ಅವನೇ ಸರಿ ಇರುತ್ತಾನೆ, ಆಗ ನಾನು ಸ್ಕ್ರೀನ್‌ಶಾಟ್ ಹಾಕುವುದಿಲ್ಲ.

ಇಲ್ಲೊಂದು ತಲೆನೋವಿದೆ. ಮ್ಯಾಚ್ ಮುಗಿದಾಗ ಆಟ ಮಾಡಿದ ಕಂಪನಿ ವಾಲ್ವ್ ಕಡೆಯಿಂದ ಈ ತಾಣಗಳಿಗೆ ಸುಲಭವಾಗಿ ಸಿಗುವುದು ಕೊನೆಯ ಲೆಕ್ಕ ಮಾತ್ರ. ಯಾರು ಎಷ್ಟು ಕೊಂದರು, ಎಷ್ಟು ಸಲ ಸತ್ತರು, ಕೈಯಲ್ಲಿ ಯಾವ ಐಟಂ ಇತ್ತು, ಅಷ್ಟೇ. ನಿಮಿಷ ನಿಮಿಷದ ವಿವರ ಇರುವುದು ಇಡೀ ಆಟ ದಾಖಲಾಗಿರುವ ರೀಪ್ಲೇ ಫೈಲ್‌ನಲ್ಲಿ. ಅದನ್ನು ಇಳಿಸಿಕೊಂಡು ಬಿಡಿಸಿ ಓದಬೇಕು. ಇದಕ್ಕೆ ಪಾರ್ಸ್ ಅನ್ನುತ್ತಾರೆ. ಓಪನ್‌ಡೋಟಾ ಎಲ್ಲ ಮ್ಯಾಚನ್ನೂ ತಾನಾಗಿ ಪಾರ್ಸ್ ಮಾಡುವುದಿಲ್ಲ. ನೀವೇ ಬಟನ್ ಒತ್ತಿ ಕೇಳಬೇಕು, ಸ್ವಲ್ಪ ಹೊತ್ತು ಕಾಯಬೇಕು.

ಕಾಯುವುದಕ್ಕೇನೂ ಬೇಜಾರಿಲ್ಲ. ಆದರೆ ವಾಲ್ವ್ ರೀಪ್ಲೇಗಳನ್ನು ಕೆಲವು ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯ ಮ್ಯಾಚ್ ಬಗ್ಗೆ ಜಗಳ ಎದ್ದಾಗ ಹೋಗಿ ನೋಡಿದರೆ ವಿಷನ್ ಪುಟವೂ ಇಲ್ಲ, ಗೋಲ್ಡ್ ಗ್ರಾಫೂ ಇಲ್ಲ. ಮಾರ್ಕ್ಸ್ ಕಾರ್ಡ್ ಇದೆ, ಉತ್ತರ ಪತ್ರಿಕೆ ಇಲ್ಲ. ರೀಪ್ಲೇ ಹೋದ ಮೇಲೆ ಬಟನ್ ಎಷ್ಟು ಒತ್ತಿದರೂ ಏನೂ ಬರುವುದಿಲ್ಲ. ಅದಕ್ಕೇ ಈಗ ಮ್ಯಾಚ್ ಮುಗಿದ ರಾತ್ರಿಯೇ, ಗೆದ್ದರೂ ಸೋತರೂ, ಪಾರ್ಸ್ ಒತ್ತಿಯೇ ಮಲಗುತ್ತೇನೆ.

ಇನ್ನೊಂದು ಸಣ್ಣ ಕಿರಿಕಿರಿ ಟರ್ಬೊದ್ದು, ಅಂದರೆ ಇದೇ ಆಟದ ಬೇಗ ಮುಗಿಯುವ ಬಗೆಯದ್ದು. ಬೆಳಗ್ಗೆ ಬೇಗ ಏಳಬೇಕಾದವರಿಗಾಗಿ ನಾವು ಟರ್ಬೊ ಜಾಸ್ತಿ ಆಡುತ್ತೇವೆ. ಗೋಲ್ಡ್ ಬೇಗ ಬರುತ್ತದೆ, ಟವರ್ ಬೇಗ ಬೀಳುತ್ತದೆ. ಓಪನ್‌ಡೋಟಾ ಆಟಗಾರನ ಒಟ್ಟು ಲೆಕ್ಕದಲ್ಲಿ ಟರ್ಬೊವನ್ನು ಸುಮ್ನೆ ಬಿಟ್ಟುಬಿಡುತ್ತದೆ. ಫಿಲ್ಟರ್‌ನಲ್ಲಿ ಹೋಗಿ ಅವನ್ನೂ ಸೇರಿಸು ಅಂತ ಹೇಳಬೇಕು. ಹೇಳದಿದ್ದರೆ ನಮ್ಮ ಶನಿವಾರಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಡೋಟಾಬಫ್ ಹಳೆಯ ತಾಣ. ಆಟ 2013ರಲ್ಲಿ ಅಧಿಕೃತವಾಗಿ ಬಿಡುಗಡೆಯಾಗುವ ಮೊದಲೇ, 2012ರಿಂದ ಇದೆ. ಈ ಪ್ಯಾಚ್‌ನಲ್ಲಿ (ಆಟದ ಈಗಿನ ಅಪ್‌ಡೇಟ್‌ನಲ್ಲಿ) ಯಾವ ಹೀರೋ, ಅಂದರೆ ಆಟಗಾರ ಆರಿಸಿಕೊಳ್ಳುವ ಪಾತ್ರ, ಗೆಲ್ಲುತ್ತಿದೆ, ಯಾವ ಹೀರೋ ಮುಂದೆ ಯಾವುದು ನಿಲ್ಲುವುದಿಲ್ಲ ಅಂತ ಥಟ್ಟನೆ ನೋಡಬೇಕಿದ್ದರೆ ಈಗಲೂ ಅಲ್ಲಿಗೇ ಹೋಗುತ್ತೇನೆ. ಹೀರೋಗಳನ್ನು ಆರಿಸುವ ಡ್ರಾಫ್ಟ್ ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ.

ಸ್ಟ್ರಾಟ್ಜ್ ನೋಡಲು ಮೂರರಲ್ಲಿ ಚೆಂದ. ಪ್ರತಿ ಮ್ಯಾಚ್‌ನಲ್ಲಿ ಯಾರು ಎಷ್ಟು ಚೆನ್ನಾಗಿ ಆಡಿದರು ಅನ್ನುವುದಕ್ಕೆ ಐಎಂಪಿ ಅಂತ ಒಂದು ಅಂಕಿ ಕೊಡುತ್ತದೆ. ನಮ್ಮ ಗುಂಪಿನಲ್ಲಿ ಅದು ಬಂದಾಗಿನಿಂದ ಜಗಳ ಕಡಿಮೆಯಾಗಲಿಲ್ಲ. ವಾರ್ಡ್ ಬಗ್ಗೆ ಆಡುತ್ತಿದ್ದ ಜಗಳವನ್ನು ಅಂಕಿ ಬಗ್ಗೆ ಆಡತೊಡಗಿದೆವು, ಅಷ್ಟೇ.

ಆಟದ ಸೆಟ್ಟಿಂಗ್‌ನಲ್ಲಿ "ಎಕ್ಸ್‌ಪೋಸ್ ಪಬ್ಲಿಕ್ ಮ್ಯಾಚ್ ಡೇಟಾ" ಆನ್ ಮಾಡದಿದ್ದರೆ ಯಾವ ತಾಣವೂ ಉಪಯೋಗಕ್ಕೆ ಬರುವುದಿಲ್ಲ. ಆಡುವವರೆಲ್ಲ ಮೊದಲು ಅದನ್ನು ಆನ್ ಮಾಡಿಕೊಳ್ಳಿ.

ಓಪನ್‌ಡೋಟಾ ಕಡೆಗೆ ನಾನು ವಾಲಲು ಇನ್ನೊಂದು ಕಾರಣ ನನ್ನ ಕೆಲಸ. ಆಫೀಸಿನಲ್ಲಿ ದಿನವಿಡೀ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬರೆಯುತ್ತೇನೆ. ಓಪನ್‌ಡೋಟಾದ ಎಕ್ಸ್‌ಪ್ಲೋರರ್ ಅನ್ನುವ ಪುಟದಲ್ಲಿ ಪ್ರೊ (ವೃತ್ತಿಪರ ತಂಡಗಳ) ಮ್ಯಾಚ್‌ಗಳ ಡೇಟಾಬೇಸ್‌ಗೆ ನೇರವಾಗಿ ಎಸ್‌ಕ್ಯೂಎಲ್ ಬರೆದು ಪ್ರಶ್ನೆ ಕೇಳಬಹುದು. ಬರೆಯಲು ಬಾರದವರಿಗೆ ಆಯ್ಕೆ ಮಾಡಿಕೊಳ್ಳುವ ಫಾರ್ಮ್ ಇದೆ. ನಮ್ಮ ಶನಿವಾರದ ಮ್ಯಾಚ್‌ಗಳು ಅದರಲ್ಲಿ ಸಿಗುವುದಿಲ್ಲ. ಅವಕ್ಕೆ ಎಪಿಐ ಇದೆ, ಅಂದರೆ ಪ್ರೋಗ್ರಾಂ ಮೂಲಕ ಡೇಟಾ ಕೇಳಿ ಪಡೆಯುವ ದಾರಿ. ಅದರಿಂದ ಎಳೆದು ಒಂದು ಶೀಟ್‌ಗೆ ಹಾಕಿಕೊಂಡಿದ್ದೇನೆ. ತಾಣದ ಕೋಡ್ ಕೂಡ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಒಂದು ಲೆಕ್ಕ ಹೇಗೆ ಬಂತು ಅಂತ ಅನುಮಾನ ಬಂದರೆ ಹೋಗಿ ಓದಬಹುದು. ಫೋನ್‌ನಲ್ಲಿ ಮಾತ್ರ ವಾರ್ಡ್ ಮ್ಯಾಪ್ ನೋಡುವುದು ಕಷ್ಟ.

ನೀವು ಕ್ಯಾರಿ ಆಡುವವರು, ಒಂದು ಹೀರೋ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುವವರು ಅಂದರೆ ಡೋಟಾಬಫ್ ಸಾಕು. ನನ್ನ ಹಾಗೆ ಸಪೋರ್ಟ್ ಆಡಿಕೊಂಡು, ದುಡ್ಡು ಬಿಚ್ಚಲು ಮನಸ್ಸಿಲ್ಲದೆ, ಬೈಗುಳಕ್ಕೆ ಸಾಕ್ಷಿ ಬೇಕು ಅನ್ನುವವರಾದರೆ ಓಪನ್‌ಡೋಟಾ ಹಿಡಿಯಿರಿ. ಆ ಆ್ಯಪ್‌ನ ಚಂದಾ ದುಡ್ಡಿನಲ್ಲಿ ಈಗ ಹೊಸ ಮೌಸ್ ನೋಡುತ್ತಿದ್ದೇನೆ.