ಮಗಳ ಬೆನ್ನಿನ ಚುಕ್ಕೆಮಚ್ಚೆ: ಬಳ್ಳಾರಿಯ ಒಂದು ಚರ್ಮರೋಗ ಚಿಕಿತ್ಸಾಲಯದ ಬಗ್ಗೆ

ನಮ್ಮ ಮಗಳು ಹುಟ್ಟಿದಾಗ ಅವಳ ಎಡ ಭುಜದ ಕೆಳಗೆ ತಿಳಿ ಕಂದು ಬಣ್ಣದ ಮಚ್ಚೆಯೊಂದು ಮಾತ್ರ ಇತ್ತು. ಮೂರು ವರ್ಷ ತುಂಬುವ ಹೊತ್ತಿಗೆ ಅದರೊಳಗೆ ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ಈಗ ಒಂಬತ್ತನೆಯ ವಯಸ್ಸಿನಲ್ಲಿ ಅದು ಕರಿ ಎಳ್ಳು ಒತ್ತಿದ ಸಜ್ಜೆ ರೊಟ್ಟಿಯಂತೆ ಕಾಣುತ್ತದೆ. ನಾನು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಇದಕ್ಕೆ ಕಾರಣವೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಆ ಮಾತು ಇಷ್ಟು ವರ್ಷ ನನ್ನನ್ನು ಕೊರೆಯುತ್ತಲೇ ಇತ್ತು.

ಮೊದಲು ತೋರಿಸಿದ ಕಡೆ ಮಚ್ಚೆಯನ್ನು ಸರಿಯಾಗಿ ನೋಡುವ ಮುನ್ನವೇ ಆರು ಸಲದ ಲೇಸರ್ ಚಿಕಿತ್ಸೆಗೆ ಪ್ಯಾಕೇಜ್ ದರ ಬರೆದುಕೊಟ್ಟಿದ್ದರು. ಹಾಗಾಗಿ ಸಿರುಗುಪ್ಪದಿಂದ ಬಳ್ಳಾರಿಯ ಈ ಚಿಕಿತ್ಸಾಲಯಕ್ಕೆ ಬಂದಾಗ ನನಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ.

ಇಲ್ಲಿನ ವೈದ್ಯೆ ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಮಚ್ಚೆಯ ಮೇಲೆ ಒಂದು ಹನಿ ಜೆಲ್ ಹಚ್ಚಿ, ಡರ್ಮಟೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯನ್ನು ಒತ್ತಿ ಹಿಡಿದು ಒಂದೊಂದೇ ಚುಕ್ಕೆಯನ್ನು ನೋಡಿದರು. ಇದರ ಹೆಸರು ನೀವಸ್ ಸ್ಪೈಲಸ್ ಎಂದೂ, ಗರ್ಭದಲ್ಲಿ ಮಗು ರೂಪುಗೊಳ್ಳುವಾಗ ಯಾವುದೋ ಒಂದು ಜೀವಕೋಶದ ಜೀನ್‌ನಲ್ಲಿ ಆದ ಬದಲಾವಣೆ ಆ ಭಾಗದ ಚರ್ಮಕ್ಕಷ್ಟೇ ಹರಡಿದ್ದರಿಂದ ಇದು ಬರುತ್ತದೆಂದೂ, ಗ್ರಹಣಕ್ಕೂ ತಾಯಿಯ ನಡತೆಗೂ ಯಾವ ಸಂಬಂಧವೂ ಇಲ್ಲವೆಂದೂ ಅವರು ನನ್ನ ಅತ್ತೆಯವರ ಎದುರಿಗೇ ಬಿಡಿಸಿ ಹೇಳಿದರು. ನನಗೆ ಕಣ್ಣು ತುಂಬಿ ಬಂತು.

ಇದು ಅಂಟುವುದಿಲ್ಲ, ನೋಯುವುದಿಲ್ಲ. ವಯಸ್ಸಾದಂತೆ ಚುಕ್ಕೆಗಳು ಹೆಚ್ಚುವುದು ಸಹಜ. ಅಪರೂಪಕ್ಕೆ ಇಂಥ ಮಚ್ಚೆಯಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಹುಟ್ಟಬಹುದಾದ್ದರಿಂದ ಗಮನ ತಪ್ಪಬಾರದು ಎಂದರು. ಲೇಸರ್ ಬಗ್ಗೆ ಕೇಳಿದಾಗ, ಬಣ್ಣ ತಿಳಿಯಾದರೂ ಮತ್ತೆ ಮರಳುವುದುಂಟು, ನಮ್ಮಂಥ ಕಂದು ಚರ್ಮದಲ್ಲಿ ಹೊಸ ಕಲೆ ಉಳಿಯುವ ಸಂಭವವೂ ಇದೆ, ಮಗುವಿಗೆ ಈಗ ಅದರ ಅಗತ್ಯವಿಲ್ಲ ಎಂದು ನೇರವಾಗಿ ತಿಳಿಸಿದರು. ಹಣ ಬರುವ ಚಿಕಿತ್ಸೆಯನ್ನು ಬೇಡವೆಂದ ಈ ಪ್ರಾಮಾಣಿಕತೆಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಬಳಿಕ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ಫೋಟೋ ತೆಗೆದು, ಮುಂದಿನ ವರ್ಷ ಹೋಲಿಸಿ ನೋಡಲು ಕಡತದಲ್ಲಿ ಸೇರಿಸಿದರು.

ಕೊರತೆಯೂ ಇದೆ. ಸಮಯ ನಿಗದಿ ಮಾಡಿಕೊಂಡು ಹೋಗಿದ್ದರೂ ಎರಡೂವರೆ ಗಂಟೆ ಕಾಯಬೇಕಾಯಿತು. ಕೊಟ್ಟ ಮಾಹಿತಿ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು; ಸುತ್ತಲಿನ ಹಳ್ಳಿಗಳಿಂದ ಬರುವ ತಾಯಂದಿರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನಾನು ಕೇಳಿದ ಮೇಲೆ ವೈದ್ಯೆಯೇ ಹಾಳೆಯ ಹಿಂಬದಿಯಲ್ಲಿ, ಒಂದು ಚುಕ್ಕೆ ಮಾತ್ರ ಬೇಗ ಬೆಳೆದರೆ, ಬಣ್ಣ ಬದಲಾದರೆ, ಅಂಚು ಸೊಟ್ಟಗಾದರೆ, ರಕ್ತ ಒಸರಿದರೆ ಕಾಯದೆ ಬನ್ನಿ ಎಂದು ಕನ್ನಡದಲ್ಲಿ ಬರೆದುಕೊಟ್ಟರು. ಆ ಹಾಳೆ ಈಗ ನಮ್ಮ ಬೀರುವಿನ ಬಾಗಿಲ ಒಳಬದಿಗೆ ಅಂಟಿಕೊಂಡಿದೆ.